ಕಪ್ಪುಕಲ್ಲಿನ ಅಡಿಯ ಪದರ: ಚಿಂಚೋಳಿಯ ಕೊಳವೆಬಾವಿಯಲ್ಲಿ ನಾನು ನಡೆಸಿದ ಸೀಸ್ಮಿಕ್ ಸಮೀಕ್ಷೆ

ಕಲಬುರಗಿ ಜಿಲ್ಲೆಯ ಆಳದ ಶಿಲೆಗಳನ್ನು ಅರಿಯಲು ನೆಲದ ಮೇಲೆ ಕಂಪನ ಹಿಡಿಯುವ ಜಿಯೋಫೋನ್‌ಗಳನ್ನು ಸಾಲಾಗಿ ನೆಟ್ಟಾಗಲೆಲ್ಲ ನನಗೆ ಅಡ್ಡಿಯಾಗುತ್ತಿದ್ದುದು ದಖನ್ನಿನ ಕಪ್ಪುಕಲ್ಲು, ಅಂದರೆ ಬಸಾಲ್ಟ್. ಚಿಂಚೋಳಿಯ ಎರೆಹೊಲಗಳ ಕೆಳಗೆ ಬಸಾಲ್ಟ್, ಅದರಡಿ ಭೀಮಾ ಪ್ರಸ್ತರಗಳ (ಭೀಮಾ ಕಣಿವೆಯ ಶಿಲಾಪದರಗಳ) ಸುಣ್ಣಕಲ್ಲು ಮತ್ತು ಜೇಡಿಕಲ್ಲು, ಇನ್ನೂ ಕೆಳಗೆ ಯಾದಗಿರಿಯಲ್ಲಿ ಬೆಟ್ಟವಾಗಿ ಮೇಲೆದ್ದಿರುವಂಥ ಗ್ರಾನೈಟ್ ಇವೆ. ಗಟ್ಟಿ ಬಸಾಲ್ಟಿನಲ್ಲಿ ಕಂಪನದ ಅಲೆ ಸೆಕೆಂಡಿಗೆ ಸುಮಾರು 5 ಕಿ.ಮೀ. ಸಾಗುತ್ತದೆ, ಜೇಡಿಕಲ್ಲಿನಲ್ಲಿ ನಿಧಾನವಾಗುತ್ತದೆ. ವೇಗದ ಪದರದಡಿ ಇರುವ ನಿಧಾನದ ಪದರ ವಕ್ರೀಭವಿಸಿದ (ಪದರಗಳ ಗಡಿಯಲ್ಲಿ ದಿಕ್ಕು ಬಾಗಿದ) ಅಲೆಯನ್ನು ಮೇಲಕ್ಕೆ ಕಳಿಸುವುದಿಲ್ಲವಾದ್ದರಿಂದ ನಮ್ಮ ದಾಖಲೆಯಲ್ಲಿ ಅದು ಇದ್ದೂ ಇಲ್ಲದಂತಾಗಿ, ಗ್ರಾನೈಟ್ ಇರುವುದಕ್ಕಿಂತ ಆಳದಲ್ಲಿದೆ ಎಂಬ ತಪ್ಪು ಲೆಕ್ಕ ಸಿಗುತ್ತದೆ. 1993ರ ಭೂಕಂಪದ ನಂತರ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಕೊರೆದ 617 ಮೀಟರ್ ಆಳದ ಬಾವಿಯಲ್ಲಿ 338 ಮೀಟರ್ ಬಸಾಲ್ಟ್ ಮುಗಿದ ಮೇಲೆ ತೆಳುವಾದ ಜಲಜಶಿಲೆ (ಕೆಸರು, ಮರಳು ಪದರಗಟ್ಟಿ ಆದ ಕಲ್ಲು) ಸಿಕ್ಕಿದ್ದನ್ನು ಓದಿದಾಗಲೇ, ಬಾವಿಯೊಳಗೆ ಇಳಿಯದೆ ಈ ತೊಡಕು ಬಿಡಿಸಲಾಗದೆಂದು ನನಗೆ ಖಚಿತವಾಗಿತ್ತು.

ತೊಗರಿ ಹೊಲವೊಂದರಲ್ಲಿ ಬಳಕೆ ತಪ್ಪಿದ, ಸುಮಾರು 120 ಮೀಟರ್ ಆಳದ ಬೋರ್ ಇತ್ತು. ಮೂರು ದಿಕ್ಕಿನ ಜಿಯೋಫೋನನ್ನು ಕೇಬಲ್ಲಿನಲ್ಲಿ ತೂಗುಬಿಟ್ಟು ಪಡೆದ ಮೊದಲ ದಿನದ ದಾಖಲೆಯಲ್ಲಿ ಶಿಲೆಯ ಅಲೆಗಿಂತ ಕೇಬಲ್ಲಿನ ಅದುರೇ ಹೆಚ್ಚಾಗಿದ್ದುದರಿಂದ ಅದನ್ನೆಲ್ಲ ಕೈಬಿಟ್ಟೆ. ಮರುದಿನ ಪ್ರತಿ 5 ಮೀಟರಿಗೊಮ್ಮೆ ಉಪಕರಣವನ್ನು ಬಾವಿಯ ಗೋಡೆಗೆ ಬಿಗಿದು, ಬಳಿಕ ಕೇಬಲ್ಲನ್ನು ಸಡಿಲಿಸಿ, ಮೇಲೆ ಉಕ್ಕಿನ ತಟ್ಟೆಗೆ ಹದಿನೈದು ಸಲ ಸುತ್ತಿಗೆಯಿಂದ ಹೊಡೆದು ಆ ಹೊಡೆತಗಳ ದಾಖಲೆಗಳನ್ನು ಕೂಡಿಸಿದೆವು. ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಇಲ್ಲದ್ದರಿಂದ ಆ ಭಾಗದ ದಾಖಲೆ ನಂಬುವಂತಿರಲಿಲ್ಲ. ಬಾವಿಯ ನೀರಿನಲ್ಲಿ ಸೆಕೆಂಡಿಗೆ ಸುಮಾರು ಒಂದೂವರೆ ಕಿ.ಮೀ. ವೇಗದಲ್ಲಿ ಸಾಗುವ ಅಲೆ ಕೆಳಗಿನಿಂದ ಮರಳುವ ಪ್ರತಿಫಲನಗಳನ್ನು ಮುಚ್ಚುತ್ತಿತ್ತು. ತಟ್ಟೆಯನ್ನು ಬಾವಿಯ ಬಾಯಿಂದ 10 ಮೀಟರ್ ದೂರಕ್ಕೆ ಸರಿಸಿದ ಮೇಲೆ ಅದು ತಗ್ಗಿತು.

ಬಸಾಲ್ಟಿನಲ್ಲಿ ಪ್ರತಿ 5 ಮೀಟರಿಗೆ ಸುಮಾರು 1 ಮಿಲಿಸೆಕೆಂಡ್ ಏರುತ್ತಿದ್ದ, ಅಲೆ ಉಪಕರಣವನ್ನು ತಲುಪುವ ಕಾಲದ ಏರಿಕೆ, 90 ಮೀಟರಿನ ಆಸುಪಾಸಿನಿಂದ ಕೆಳಗೆ ಒಂದೂವರೆ ಮಿಲಿಸೆಕೆಂಡನ್ನು ದಾಟಿತು. ಸುಮಾರು 35 ಕಿ.ಮೀ. ಆಳದಲ್ಲಿರುವ ಭೂಚಿಪ್ಪಿನ ತಳದಿಂದ ಅಲೆ ಮರಳಲು 11 ಸೆಕೆಂಡಿನಷ್ಟು ಹಿಡಿಯುತ್ತದೆ. ಅದರೆದುರು ಈ ವ್ಯತ್ಯಾಸ ಅಲ್ಪವೆನಿಸಿದರೂ, ಒಂದು ಹೊಲದಿಂದ ಇನ್ನೊಂದಕ್ಕೆ ಅದು ಬದಲಾದರೆ ಆಳದ ಪ್ರತಿಫಲನಗಳು ಸಾಲು ತಪ್ಪಿ ಮಸುಕಾಗುತ್ತವೆ.

ಆದರೂ ವೇಗವೊಂದನ್ನೇ ನೋಡಿ ಅದನ್ನು ಜೇಡಿಕಲ್ಲೆಂದು ಬರೆಯಲು ನಾನು ಒಪ್ಪಲಿಲ್ಲ. ರಷ್ಯಾದ ಕೋಲಾದಲ್ಲಿ 12,262 ಮೀಟರ್ ಕೊರೆದಾಗ, ಗ್ರಾನೈಟ್ ಮುಗಿದು ಬಸಾಲ್ಟ್ ತೊಡಗುವುದೆಂದು ಕಂಪನದ ದಾಖಲೆಯಿಂದ ನಿರೀಕ್ಷಿಸಿದ್ದ ಆಳದಲ್ಲಿ ಬಸಾಲ್ಟ್ ಸಿಗಲೇ ಇಲ್ಲ. ಆದ್ದರಿಂದ ಹೊಲದ ಯಜಮಾನರನ್ನು ಕೇಳಿದೆ. ಬೋರ್ ಹಾಕಿಸಿದ ದಿನ ಪಕ್ಕದಲ್ಲೇ ನಿಂತು 20 ಅಡಿಯ ರಾಡುಗಳನ್ನು ಒಂದೊಂದಾಗಿ ಎಣಿಸಿದ್ದ ಅವರು, ಕಪ್ಪು ಪುಡಿ ನಿಂತು ಬೂದುಬಣ್ಣದ ಮೆತ್ತನೆಯ ಪುಡಿ ಬರತೊಡಗಿದ್ದು ಹದಿನೈದನೆಯ ರಾಡು ಇಳಿದಾಗ ಎಂದು ತಿಳಿಸಿ, ಬದುವಿನಲ್ಲಿ ಇನ್ನೂ ಉಳಿದಿದ್ದ ಆ ಪುಡಿಯ ಗುಡ್ಡೆಯನ್ನು ತೋರಿಸಿದರು.