ಹಿಂಬರಹ ಕೇಳಿ ಕಟ್ಟಿದ ಆರು ಮನೆ

ಹೋದ ತಿಂಗಳು ನಮ್ಮ ಟ್ರಾನ್ಸ್‌ಜೆಂಡರ್ ಸಮುದಾಯದವರ ಆರನೇ ಮನೆಗೆ ಮೋಲ್ಡ್ ಹಾಕಿದೆವು. "ನಮ್ಮಂಥವರಿಗೆ ಪೆನ್ಷನ್ ಬಂದರೆ ದೊಡ್ಡದು, ಮನೆ ಆಸೆ ಬಿಡು" ಎಂದಿದ್ದ ನಮ್ಮ ಗುರುವೇ ಅವತ್ತು ತೆಂಗಿನಕಾಯಿ ಒಡೆದರು.

ಮನೆ ಕಟ್ಟಲು ಸರ್ಕಾರ ದುಡ್ಡು ಕೊಡುವ ದೇವರಾಜ ಅರಸು ವಸತಿ ಯೋಜನೆಯಲ್ಲಿ ನಮ್ಮ ಸಮುದಾಯವೂ ಇದೆ. ಮೊದಲ ಸಲ ಹನ್ನೊಂದು ಅರ್ಜಿ ಕೊಟ್ಟೆ. ಹನ್ನೊಂದೂ ಬಿದ್ದುಹೋದವು. ತಪ್ಪು ನನ್ನದೂ ಇತ್ತು. ಆಧಾರ್‌ನಲ್ಲಿ ಹೊಸ ಹೆಸರು, ಪಾಸ್‌ಬುಕ್‌ನಲ್ಲಿ ಹಳೇ ಹೆಸರು. ರೇಷನ್ ಕಾರ್ಡ್ ಅಪ್ಪನ ಮನೆಯದು. ಕಂಪ್ಯೂಟರ್ ಲೆಕ್ಕದಲ್ಲಿ ಇವರೆಲ್ಲ ಸ್ವಂತ ಮನೆ ಇರುವವರ ಗಂಡುಮಕ್ಕಳು! ಆ ಮನೆಯಿಂದ ಹೊರಗೆ ಹಾಕಿ ಹತ್ತು ಹದಿನೈದು ವರ್ಷ ಆಗಿತ್ತು. ಓಡಾಟ, ಅಫಿಡವಿಟ್, ಜೆರಾಕ್ಸ್ ಎಲ್ಲ ಸೇರಿ ಸುಮಾರು ₹14,000 ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಈಗ ಕಾಗದಪತ್ರಕ್ಕೊಂದು ಕ್ರಮ ಮಾಡಿಕೊಂಡಿದ್ದೇನೆ. ಮೊದಲು, ಟ್ರಾನ್ಸ್‌ಜೆಂಡರ್ ಅಂತ ಜಿಲ್ಲಾಧಿಕಾರಿ ಕೊಡುವ ಗುರುತಿನ ಚೀಟಿ. ಆಮೇಲೆ ಆಧಾರ್, ಅದರ ಹಿಂದೆಯೇ ಬ್ಯಾಂಕ್. ನಂತರ ಬೇರೆ ರೇಷನ್ ಕಾರ್ಡ್, ಕೊನೆಗೆ ಆದಾಯ ಪತ್ರ. ಅಪ್ಪನ ಕಾರ್ಡಿನಿಂದ ಹೆಸರು ತೆಗೆಸಲು ಮನೆಯವರು ಬರಬೇಕು ಎನ್ನುತ್ತಾರೆ. ಅವರು ಬಾರದೆಯೇ ಹೇಗೆ ತೆಗೆಸಿದೆ ಅಂತ ಇಲ್ಲಿ ಬರೆಯಲ್ಲ. ಬರೆದರೆ ಆ ಬಾಗಿಲೂ ಮುಚ್ಚುತ್ತದೆ. ಎದುರಿಗೆ ಸಿಕ್ಕಾಗ ಕೇಳಿ.

ಮೊದಮೊದಲು ಕಚೇರಿಯಲ್ಲಿ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆಯ 3ನೇ ಸೆಕ್ಷನ್ ಹಿಡಿದು ಜಗಳಕ್ಕೆ ನಿಲ್ಲುತ್ತಿದ್ದೆ. ವಾಸದ ವಿಷಯದಲ್ಲಿ ಭೇದ ಮಾಡಬಾರದು ಅಂತ ಅಲ್ಲಿದೆ. ಒಬ್ಬ ಸಾಹೇಬರು ನಕ್ಕರು. "ಇದಕ್ಕೆ ಶಿಕ್ಷೆ ಎಲ್ಲಿದೆ ತೋರಿಸಮ್ಮ." ಅವರು ಹೇಳಿದ್ದು ಸರಿ. ಊರು ಬಿಡಿಸಿದವರಿಗೆ 18ನೇ ಸೆಕ್ಷನ್‌ನಲ್ಲಿ 6 ತಿಂಗಳಿಂದ 2 ವರ್ಷ ಜೈಲಿದೆ, ಯೋಜನೆಯ ಮನೆ ಕೊಡದವರಿಗೆ ಇಲ್ಲ. ಅವತ್ತಿನಿಂದ ಕೂಗಾಟ ಬಿಟ್ಟೆ. ಅರ್ಜಿ ಟಪಾಲಿಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳುವುದು, "3ನೇ ಸೆಕ್ಷನ್ ಇದ್ದೂ ಯಾಕೆ ಆಗಲ್ಲ ಅಂತ ಹಿಂಬರಹ ಕೊಡಿ ಸಾರ್" ಅಂತ ಸಹಿ ಇರುವ ಲಿಖಿತ ಉತ್ತರ ಕೇಳುವುದು, ಸುಮ್ನೆ ಬೆಂಚಿನ ಮೇಲೆ ಕೂರುವುದು. ಆಗಲ್ಲ ಅಂತ ಬರೆದು ಸಹಿ ಹಾಕಲು ಯಾರೂ ಮುಂದೆ ಬರಲಿಲ್ಲ. ಮೂರನೇ ವಾರಕ್ಕೆ ಫೈಲು ತಾನೇ ಮೇಲೆ ಹೋಯಿತು. ಒಂಬತ್ತು ಅರ್ಜಿಯಲ್ಲಿ ಆರು ಮಂಜೂರು. ಉಳಿದ ಮೂವರಿಗೆ ನಿವೇಶನವೇ ಇಲ್ಲ.

ದುಡ್ಡಿನ ಕಥೆ ಬೇರೆ. ನಮಗೆ ಬಂದದ್ದು ಮನೆಗೆ ₹1.20 ಲಕ್ಷ, ಅದೂ ಕಂತಿನಲ್ಲಿ. ತಳಪಾಯ ನಾವೇ ಹಾಕಿ ಫೋಟೋ ಏರಿಸಿದ ಮೇಲೆ ಮೊದಲ ಕಂತು. ಮೊದಲ ಮನೆಗೆ ಮೀಟರ್ ಬಡ್ಡಿಗೆ ತಂದು ಕೈ ಸುಟ್ಟುಕೊಂಡೆ. ಆಮೇಲೆ ಹತ್ತು ಜನ ಸೇರಿ ಚೀಟಿ ಶುರು ಮಾಡಿದೆವು. ಯಾರ ತಳಪಾಯವೋ ಆ ತಿಂಗಳ ಚೀಟಿ ಅವರಿಗೆ, ಹರಾಜಿಲ್ಲ. ಆದರೂ ಒಂದೊಂದು ಮನೆಗೆ ಮೂರೂವರೆ ಲಕ್ಷದ ಹತ್ತಿರ ಹೋಯಿತು.

ಈಗ ಇನ್ನೊಂದು ಪ್ರಯೋಗ ನಡೆದಿದೆ. ನಮ್ಮ ಪರಿಚಯದ ಇಬ್ಬರು ಹೆಂಗಸರು ಎಂಟು ವರ್ಷದಿಂದ ಜೋಡಿಯಾಗಿದ್ದಾರೆ. ಅವರು ಟ್ರಾನ್ಸ್‌ಜೆಂಡರ್ ಅಲ್ಲ, ಹಾಗಾಗಿ 2019ರ ಕಾಯ್ದೆ ಅವರಿಗೆ ಆಗಿಬರಲ್ಲ. ಆದರೆ ಇಂಥ ಸಂಗಾತಿಗಳನ್ನು ರೇಷನ್ ಕಾರ್ಡಿಗೆ ಒಂದೇ ಮನೆಯವರೆಂದು ಎಣಿಸಿ ಅಂತ 2024ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಬರೆದಿದೆ. ಆ ಪತ್ರ ಲಗತ್ತಿಸಿ ಇಬ್ಬರಿಗೂ ಸೇರಿ ಒಂದೇ ರೇಷನ್ ಕಾರ್ಡಿಗೆ ಅರ್ಜಿ ಕೊಟ್ಟೆವು. "ಅಕ್ಕ ತಂಗಿ ಅಂತ ಬರೆದುಬಿಡಿ, ಸಲೀಸು" ಎಂದರು ಗುಮಾಸ್ತರು. ಬೇಡ, ಹಿಂಬರಹ ಕೊಡಿ ಅಂದೆವು. ನಲವತ್ತು ದಿನ ಆಯಿತು. ಸೋಮವಾರ ಮತ್ತೆ ಬೆಂಚಿನ ಮೇಲೆ ಕೂರಬೇಕು.