ಎರಡೂ ಕೈಗೆ ಜೆಲ್ ಹೂ: ಕೊನೆಗೂ ಗಟ್ಟಿಯಾಗಿ ನಿಂತ ವಿಧಾನ

ಎಡಗೈಯಲ್ಲಿ ಬ್ರಷ್ ಹಿಡಿದು ಬಲಗೈ ಉಗುರಿನ ಮೇಲೆ ಹೂ ಬಿಡಿಸೋಕೆ ಆಗಲ್ಲ ಅಂತ ಹೇಳಿದವರೇ ಜಾಸ್ತಿ. ನಿಜ, ಆಗಲ್ಲ. ನಾನೂ ಬಿಡಿಸುತ್ತಿಲ್ಲ. ಸಿಲಿಕೋನ್ ಮ್ಯಾಟ್ ಮೇಲೆ ಬಲಗೈಯಲ್ಲೇ ಉಗುರಿನ ಜೆಲ್ ಬಣ್ಣದಲ್ಲಿ ಹೂ ಬಿಡಿಸಿ, ಕ್ಯೂರ್ ಮಾಡಿ (ಅಂದರೆ ಯುವಿ ಲ್ಯಾಂಪಿನ ಬೆಳಕಿನಲ್ಲಿಟ್ಟು ಗಟ್ಟಿ ಮಾಡಿ), ನಿಧಾನವಾಗಿ ಎಬ್ಬಿಸಿ ಉಗುರಿಗೆ ಕೂರಿಸುತ್ತೇನೆ. ಇದನ್ನು ಹೇಳಿದಾಗಲೂ ಅದೇ ಮಂದಿ, "ಅದು ಸ್ಟಿಕ್ಕರ್ರೇ ಅಲ್ವಾ? ಎರಡು ದಿನಕ್ಕೆ ಎದ್ದು ಬರುತ್ತೆ ನೋಡು" ಅಂದರು. ಈಗ ನನ್ನ ಕೈಯಲ್ಲಿರುವ ಸೆಟ್‌ಗೆ ಹತ್ತಿರ ಹತ್ತಿರ ಮೂರು ವಾರ ಆಯಿತು. ಪಾತ್ರೆ ತೊಳೆದಿದ್ದೇನೆ, ಬಟ್ಟೆ ಒಗೆದಿದ್ದೇನೆ, ದಿನವಿಡೀ ಕೀಬೋರ್ಡ್ ಕುಟ್ಟಿದ್ದೇನೆ. ಬುಡದಲ್ಲಿ ಉಗುರು ಬೆಳೆದು ಗ್ಯಾಪ್ ಬಂದಿದೆ, ಹೂ ಮಾತ್ರ ಅಲ್ಲಾಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಜಂಬ ಅಂದುಕೊಂಡರೂ ಪರವಾಗಿಲ್ಲ.

ಕ್ಯೂಟಿಕಲ್ (ಉಗುರಿನ ಬುಡದ ತೆಳು ಚರ್ಮ) ಹಿಂದಕ್ಕೆ ತಳ್ಳೋದು, ಮೇಲಿನ ಹೊಳಪು ತೆಗೆಯೋದು, ಜಿಡ್ಡು ಒರೆಸೋದು, ಇದೆಲ್ಲ ನಿಮಗೆ ಗೊತ್ತೇ ಇದೆ. ನೇರ ವಿಷಯಕ್ಕೆ ಬರುತ್ತೇನೆ.

ಮೊದಲು ದುಡ್ಡು ಎಲ್ಲಿ ಹೋಯಿತು ಅಂತ ಹೇಳಿಬಿಡುತ್ತೇನೆ. ಮೂವತ್ತಾರು ಪುಟ್ಟ ಜೆಲ್ ಬಾಟಲಿಗಳ ಸೆಟ್ ತರಿಸಿದ್ದೆ. ಅದರಲ್ಲಿ ಈಗಲೂ ಕೈಗೆತ್ತಿಕೊಳ್ಳುವುದು ಮೂರೋ ನಾಲ್ಕೋ. ಹೂವಿಗೆ ಬೇಕಾದದ್ದು ಗಟ್ಟಿ ಬಿಳಿ ಪೇಂಟ್ ಜೆಲ್, ತೆಳು ಹಳದಿ, ಕ್ಲಿಯರ್, ಒಂದು ಚೂರು ಕಪ್ಪು, ಅಷ್ಟೇ. ಆ ಸೆಟ್ಟಿನ ಅರ್ಧ ದುಡ್ಡಿಗೆ ಈ ನಾಲ್ಕೂ ಒಳ್ಳೆ ಗುಣಮಟ್ಟದ್ದೇ ಬರುತ್ತಿದ್ದವು. ಎರಡನೆಯ ಪೆಟ್ಟು ಲ್ಯಾಂಪ್. ಸಿಕ್ಕಿದ್ದರಲ್ಲೇ ಅಗ್ಗದ್ದು ಕೊಂಡೆ. ಮೈಮೇಲೆ 54 ವಾಟ್ ಅಂತ ಬರೆದಿತ್ತು. ಬೆಳಕು ನಡುವೆ ಮಾತ್ರ ಜೋರು, ಅಂಚಿನಲ್ಲಿ ಮಂಕು. ಕಿರುಬೆರಳಿನ ಟಾಪ್ ಕೋಟ್, ಅಂದರೆ ಕೊನೆಯ ಹೊಳಪಿನ ಪದರ, ಯಾವಾಗಲೂ ಹಸಿ. ಆಮೇಲೆ ಅದರ ಎರಡೂವರೆ ಪಟ್ಟು ಕೊಟ್ಟು 365 ಮತ್ತು 405 ನ್ಯಾನೋಮೀಟರ್ ತರಂಗಾಂತರದ ಬೆಳಕು ಎರಡೂ ಇರುವ 48 ವಾಟ್‌ನದ್ದು ತಂದೆ. ವಾಟ್ ನೋಡಿ ಮರುಳಾಗಬೇಡಿ. ಬಲ್ಬುಗಳು ಪಕ್ಕದಲ್ಲೂ ಇವೆಯಾ ಅಂತ ನೋಡಿ. ಹಳೆಯದನ್ನು ಬಿಸಾಕಿಲ್ಲ. ಒಂದು ಎಸಳು ಮುಗಿಸಿ ಇನ್ನೊಂದು ಶುರು ಮಾಡುವ ಮುಂಚೆ ಹತ್ತು ಸೆಕೆಂಡ್ ಫ್ಲ್ಯಾಶ್, ಅಂದರೆ ಬಣ್ಣ ಹರಡದಷ್ಟು ಚೂರು ಕ್ಯೂರ್, ಕೊಡೋಕೆ ಅದೇ ಸಾಕು.

ಒಟ್ಟು ಖರ್ಚು ಪಾರ್ಲರಿನಲ್ಲಿ ಹೂವಿನ ಡಿಸೈನ್ ಮೂರು ಸಲ ಮಾಡಿಸಿಕೊಂಡಷ್ಟು. ಅಲ್ಲಿ ಒಂದೊಂದು ಉಗುರಿನ ಚಿತ್ರಕ್ಕೂ ಬೇರೆ ಲೆಕ್ಕ ಹಾಕುತ್ತಾರಲ್ಲ, ಆ ಲೆಕ್ಕದಲ್ಲಿ ಮೂರನೆಯ ಸೆಟ್‌ಗೆ ನನ್ನದು ವಸೂಲಾಯಿತು.

ಈಗ ಮ್ಯಾಟ್ ವಿಷಯ. ಶುರುವಿನಲ್ಲಿ ಎಲ್ಲರೂ ಹೇಳುವ ಹಾಗೆ ನೋ-ವೈಪ್ (ಕ್ಯೂರ್ ಆದ ಮೇಲೆ ಅಂಟು ಒರೆಸಬೇಕಿಲ್ಲದ) ಟಾಪ್ ಕೋಟನ್ನು ಅಡಿಯಲ್ಲಿ ಹರಡಿ, ಅದರ ಮೇಲೆ ಹೂ ಬಿಡಿಸಿದೆ. ಮ್ಯಾಟ್ ಮೇಲೆ ನೋಡೋಕೆ ಚೆಂದ. ಉಗುರಿನ ಉಬ್ಬಿಗೆ ಒತ್ತಿದ ತಕ್ಷಣ ಎಸಳಿನ ನಡುವೆ ಪಟ್ ಅಂತ ಬಿರುಕು. ಟಾಪ್ ಕೋಟ್ ಗಟ್ಟಿ, ಬಗ್ಗಲ್ಲ. ಹೆಬ್ಬೆರಳು ಸ್ವಲ್ಪ ಚಪ್ಪಟೆ ಆದ್ದರಿಂದ ಬದುಕಿಕೊಂಡಿತು, ಉಳಿದ ಬೆರಳುಗಳ ಹೂವೆಲ್ಲ ಚೂರು. ಅಡಿಗೆ ರಬ್ಬರ್ ಬೇಸ್ ಅನ್ನುವ ಮೆತ್ತನೆಯ ಬೇಸ್ ಜೆಲ್ ಹಾಕಿದ ಮೇಲೆ ಆ ಕಾಟ ತಪ್ಪಿತು. ಅದು ಕ್ಯೂರ್ ಆದ ಮೇಲೂ ಬಗ್ಗುತ್ತದೆ. ಒಂದೇ ಪದರ, ಆದಷ್ಟು ತೆಳು, 60 ಸೆಕೆಂಡ್.

ಬಿರುಕು ನಿಂತಿತು, ಆದರೆ ಹೂ ಎದ್ದು ಬರೋದು ನಿಲ್ಲಲಿಲ್ಲ. ಆಗೆಲ್ಲ ಉಗುರಿನ ಮೇಲೆ ಹಸಿ ಬೇಸ್ ಹಚ್ಚಿ, ಅದರ ಮೇಲೆ ಹೂ ಇಟ್ಟು ಕ್ಯೂರ್ ಮಾಡುತ್ತಿದ್ದೆ. ಐದಾರು ದಿನಕ್ಕೆ ಒಂದು ಮೂಲೆ ಏಳುತ್ತಿತ್ತು. ಒಂದನ್ನು ಪೂರ್ತಿ ಎಬ್ಬಿಸಿ ತಿರುಗಿಸಿ ನೋಡಿದೆ. ಎಸಳು ಇದ್ದ ಜಾಗದ ಅಡಿಯಲ್ಲಿ ಬೇಸ್ ಇನ್ನೂ ಜಿನುಗುತ್ತಿತ್ತು. ಎಸಳು ಇಲ್ಲದ ಕಡೆ ಗಟ್ಟಿ. ಕಾರಣ ಕಣ್ಣೆದುರೇ ಇತ್ತು: ಬಿಳಿ ಬಣ್ಣ. ಅದರಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಬೆಳಕನ್ನು ತಡೆಯುತ್ತದೆ. ಕಪ್ಪು ಕ್ಯೂರ್ ಆಗೋದು ಕಷ್ಟ ಅಂತ ಎಲ್ಲರಿಗೂ ಗೊತ್ತು, ಬಿಳಿಯನ್ನು ಯಾರೂ ಅನುಮಾನಿಸಲ್ಲ. ಲ್ಯಾಂಪಿನಲ್ಲಿ ಎರಡು ನಿಮಿಷ ಇಟ್ಟರೂ ಹೂವಿನ ಅಡಿಗೆ ಬೇಕಾದಷ್ಟು ಬೆಳಕು ಹೋಗಲ್ಲ.

ಹಸಿ ಜೆಲ್ ಉಗುರಿನ ಮೇಲೆ ಉಳಿಯೋದು ಬರೀ ಅಂದದ ಪ್ರಶ್ನೆ ಅಲ್ಲ. ಜೆಲ್ಲಿನಲ್ಲಿರುವ ಅಕ್ರಿಲೇಟ್ ಅನ್ನುವ ರಾಸಾಯನಿಕ ಕ್ಯೂರ್ ಆಗದೆ ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ಅಲರ್ಜಿ ಬರಬಹುದು. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ. ಹಲ್ಲಿಗೆ ತುಂಬುವ ಕೆಲವು ವಸ್ತುಗಳಲ್ಲೂ ಇದೇ ಜಾತಿಯ ರಾಸಾಯನಿಕ ಇರುತ್ತದೆ, ಅಲ್ಲೂ ತೊಂದರೆ. ಹಾಗಾಗಿ ಚರ್ಮಕ್ಕೆ ತಾಗಿದ್ದನ್ನು ಲ್ಯಾಂಪಿಗೆ ಕೈ ಇಡುವ ಮೊದಲೇ ಒರೆಸುತ್ತೇನೆ. ಈ ಒಂದು ವಿಷಯದಲ್ಲಿ ನಾನು ಸೋಮಾರಿ ಅಲ್ಲ.

ಪರಿಹಾರ ಸುಲಭದ್ದೇ. ಹೂವಿನ ಅಡಿಯಲ್ಲಿ ಹಸಿ ಜೆಲ್ಲಿನ ಕೋಟ್ ಇರಬಾರದು. ಹಿನ್ನೆಲೆ ಬಣ್ಣ ಎರಡು ತೆಳು ಕೋಟ್ ಕ್ಯೂರ್ ಆದ ಮೇಲೆ ಕ್ಲಿಯರ್ ರಬ್ಬರ್ ಬೇಸ್ ಒಂದು ಕೋಟ್ ಹಾಕಿ, ಅದನ್ನೂ ಪೂರ್ತಿ ಕ್ಯೂರ್ ಮಾಡುತ್ತೇನೆ. ಒರೆಸಲ್ಲ. ಗಾಳಿ ತಾಗುವ ಮೇಲ್ಭಾಗದಲ್ಲಿ ಉಳಿಯುವ ಅಂಟು ಪದರ ಇದೆಯಲ್ಲ, ಎಲ್ಲರೂ ಆಲ್ಕೋಹಾಲ್ ಹಾಕಿ ಒರೆಸಿ ಬಿಸಾಕೋದು, ನನ್ನ ಹೂ ಕೂರೋದು ಅದರ ಮೇಲೇ. ಚಿಮಟದಲ್ಲಿ ಹೂ ಇಟ್ಟು, ಸಿಲಿಕೋನ್ ತುದಿಯ ಟೂಲಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗಬೇಕು. ಅಂಚಿನಿಂದ ಶುರು ಮಾಡಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಹೂ ಚರ್ಮದಿಂದಲೂ ಉಗುರಿನ ತುದಿಯಿಂದಲೂ ಒಂದು ಮಿಲಿಮೀಟರ್ ಒಳಗೇ ಇರಲಿ. ಆಮೇಲೆ ಬಾಟಲಿಯಲ್ಲಿ ಬರುವ ಬಿಲ್ಡರ್ ಜೆಲ್ (ಉಗುರಿಗೆ ಗಟ್ಟಿತನ ಕೊಡುವ ಮಂದ ಜೆಲ್) ತೆಳುವಾಗಿ ಹರಿಸಿ, ತುದಿ ಮುಚ್ಚಿ, 60 ಸೆಕೆಂಡ್. ಕೊನೆಗೆ ಟಾಪ್ ಕೋಟ್. ಬಿಲ್ಡರ್ ದಪ್ಪ ಆದರೆ ಲ್ಯಾಂಪಿನೊಳಗೆ ಉಗುರು ಚುರುಕ್ ಅನ್ನುತ್ತದೆ. ಅನ್ನಿಸಿದರೆ ಕೈ ತೆಗೆದು ಮತ್ತೆ ಇಡಿ. ಹೆಬ್ಬೆರಳನ್ನು ಬೇರೆಯಾಗಿಯೇ ಕ್ಯೂರ್ ಮಾಡಿ, ಉಳಿದ ನಾಲ್ಕರ ಜೊತೆ ತೂರಿಸಬೇಡಿ.

ಇನ್ನು ಹೂವು. ನಾನು ಹಟ ಹಿಡಿದು ಕಲಿತದ್ದು ದೇವಕಣಗಿಲೆ. ಐದು ಚುಕ್ಕಿ ಇಟ್ಟು ನಡುವೆ ಹಳದಿ ಇಡುವ ಹೂ ಯಾರು ಬೇಕಾದರೂ ಮಾಡುತ್ತಾರೆ, ಅದು ಯಾವ ಹೂ ಅಂತ ಯಾರಿಗೂ ಹೇಳೋಕಾಗಲ್ಲ. ನಿಜವಾದ ದೇವಕಣಗಿಲೆಯನ್ನು ಕೈಯಲ್ಲಿ ಹಿಡಿದು ನೋಡಿ. ಪ್ರತಿ ಎಸಳಿನ ಒಂದು ಅಂಚು ಪಕ್ಕದ್ದರ ಮೇಲೆ, ಇನ್ನೊಂದು ಅಂಚು ಇನ್ನೊಂದು ಪಕ್ಕದ್ದರ ಕೆಳಗೆ. ಐದೂ ಒಂದೇ ದಿಕ್ಕಿಗೆ ಸುತ್ತಿರುತ್ತವೆ. ಮೇಲಿದ್ದ ಅಂಚು ಸ್ವಲ್ಪ ಸುರುಳಿ. ತೊಂದರೆ ಇರೋದು ಐದನೆಯದರಲ್ಲಿ. ಅದು ನಾಲ್ಕನೆಯದರ ಮೇಲೆ ಬರಬೇಕು, ಮೊದಲನೆಯದರ ಅಡಿಗೆ ಹೋಗಬೇಕು. ಬಣ್ಣವನ್ನು ಅಡಿಗೆ ತೂರಿಸೋಕಾಗಲ್ಲ. ಹಾಗಾಗಿ ನಾಲ್ಕು ಎಸಳು ಫ್ಲ್ಯಾಶ್ ಆದ ಮೇಲೆ ಐದನೆಯದನ್ನು ನಾಲ್ಕನೆಯದರ ಮೇಲೆ ಹತ್ತಿಸಿ, ಮೊದಲನೆಯದರ ಅಂಚಿಗೆ ಸರಿಯಾಗಿ ನಿಲ್ಲಿಸಿಬಿಡುತ್ತೇನೆ. ಆ ಗೆರೆಯಲ್ಲಿ ಒಂದು ಕೂದಲೆಳೆ ನೆರಳು. ನೆರಳಿಗೆ ಕಪ್ಪು ನೇರವಾಗಿ ಬೇಡ, ಕ್ಲಿಯರ್‌ನಲ್ಲಿ ಕಲಸಿ ಕಲಸಿ ಬೂದಿಗಿಂತಲೂ ತಿಳಿ ಆಗಬೇಕು. ಕಣ್ಣಿಗೆ ಐದನೆಯದು ಒಳಗೆ ಹೋದ ಹಾಗೇ ಕಾಣುತ್ತದೆ.

ಎಸಳು ಬಿಡಿಸುವಾಗ ಹೊರ ತುದಿಯಲ್ಲಿ ಡಾಟಿಂಗ್ ಟೂಲಿನಿಂದ (ಗುಂಡು ತುದಿಯ ಕಡ್ಡಿ) ಬಿಳಿ ಹನಿ ಇಟ್ಟು, ಸಣ್ಣ ಗೆರೆ ಎಳೆಯುವ ಲೈನರ್ ಬ್ರಷ್ಷಿನಿಂದ ನಡುವಿಗೆ ಎಳೆಯುತ್ತೇನೆ. ಹನಿ ಇಟ್ಟ ಕಡೆ ದಪ್ಪ ಉಳಿದು ಸುರುಳಿ ಅಂಚು ತಾನೇ ಆಗುತ್ತದೆ. ತಿರುಗಿಸಬೇಕಾದ್ದು ಮ್ಯಾಟನ್ನು, ಕೈಯನ್ನಲ್ಲ. ಹಳದಿಯನ್ನು ಒಂದೇ ಸಲ ಇಟ್ಟರೆ ಮೊಟ್ಟೆ ಒಡೆದ ಹಾಗೆ ಕಾಣುತ್ತದೆ. ಕ್ಲಿಯರ್ ಬೆರೆಸಿದ ತೆಳು ಹಳದಿಯನ್ನು ಮೂರು ಸಲ, ಪ್ರತಿ ಸಲ ಸ್ವಲ್ಪ ಒಳಕ್ಕೆ, ಬಹುತೇಕ ಒಣ ಬ್ರಷ್ಷಿನಲ್ಲಿ. ಆ ಹಳದಿಗೆ ಇನ್ನೊಂದು ಬಣ್ಣ ಸೂಜಿಮೊನೆಯಷ್ಟು ಸೇರಿಸುತ್ತೇನೆ, ಅದರಿಂದಲೇ ಹೂವಿಗೆ ಜೀವ. ಯಾವುದು ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ. ಹೂವನ್ನು ಉಗುರಿಗೆ ಒತ್ತುವ ಮುಂಚೆ ಮಾಡುವ ಇನ್ನೊಂದು ಸಣ್ಣ ಕೆಲಸವನ್ನೂ ಹೇಳಲ್ಲ. ಸುಳಿವು ಬೇಕಾದರೆ, ರಬ್ಬರ್ ಬೇಸ್ ಬೆಚ್ಚಗಿದ್ದಾಗ ಇನ್ನೂ ಚೆನ್ನಾಗಿ ಬಗ್ಗುತ್ತದೆ.

ಹೆಬ್ಬೆರಳಿಗೆ ಏಳೆಂಟು ಮಿಲಿಮೀಟರ್ ಹೂ, ಉಂಗುರದ ಬೆರಳಿಗೆ ಐದಾರು. ಉಳಿದವಕ್ಕೆ ಪೂರ್ತಿ ಹೂ ಹಾಕಲ್ಲ, ಅಂಚಿನಿಂದ ಇಣುಕುವ ಎರಡೋ ಮೂರೋ ಎಸಳು. ಹತ್ತೂ ಬೆರಳಿಗೆ ಪೂರ್ತಿ ಹೂ ಇಟ್ಟರೆ ಒಂದೂ ಕಾಣಲ್ಲ. ಒಂದು ಸಂಜೆ ಕೂತರೆ ಹನ್ನೆರಡು ಹದಿನಾಲ್ಕು ಹೂ ಆಗುತ್ತವೆ. ಹಚ್ಚೋಕೆ ಬೇರೆ ದಿನ, ಎರಡೂ ಕೈಗೆ ಒಂದೂವರೆ ಗಂಟೆ ಅಂದಾಜು. ಮಿಕ್ಕ ಹೂಗಳನ್ನು ಧೂಳು ಕೂರದ ಹಾಗೆ ಡಬ್ಬಿಯಲ್ಲಿಟ್ಟರೆ ತಿಂಗಳಾದರೂ ಕೆಲಸಕ್ಕೆ ಬರುತ್ತವೆ.

ನಡುವೆ ದಾರಿ ತಪ್ಪಿದ್ದೂ ಇದೆ. ನಿಜವಾದ ಒಣ ಹೂ ಜೆಲ್ಲಿನಲ್ಲಿ ಹುದುಗಿಸಿದೆ. ತೆಳು ಎಸಳು ಜೆಲ್ ಕುಡಿದು ಗಾಜಾಗಿಬಿಟ್ಟಿತು, ಹಿನ್ನೆಲೆ ಬಣ್ಣವೇ ಆಚೆ ಕಂಡಿತು. ಎರಡೂ ಬದಿಗೆ ಮೊದಲೇ ತೆಳು ಬೇಸ್ ಹಚ್ಚಿ ಕ್ಯೂರ್ ಮಾಡಿದರೆ ಅಷ್ಟು ಕುಡಿಯಲ್ಲ, ಆದರೂ ತೊಟ್ಟಿನ ಜಾಗದಲ್ಲಿ ಉಬ್ಬು ಹೋಗಲಿಲ್ಲ. ಮೇಲಿಟ್ಟ ಬಣ್ಣದ ಹನಿಯನ್ನು ತಾನೇ ಹರಡಿಸುವ ಬ್ಲೂಮಿಂಗ್ ಜೆಲ್ ಇನ್ನೊಂದು ಹುಚ್ಚು. ಐದು ಬೆರಳಿಗೂ ಹನಿ ಇಡುವಷ್ಟರಲ್ಲಿ ಮೊದಲನೆಯದು ಹರಡಿ ಆಕಾರವೇ ಇಲ್ಲ. ಒಂದು ಬೆರಳು, ಒಂದು ಫ್ಲ್ಯಾಶ್ ಅಂತ ಮಾಡಿದರೆ ಮಾತ್ರ ಹತೋಟಿಗೆ ಬರುತ್ತದೆ. ಈಗ ಅದನ್ನು ಹೂವಿಗಲ್ಲ, ಹಿಂದಿನ ಮಸುಕು ಹಸಿರಿಗೆ ಬಳಸುತ್ತೇನೆ. ಆ ಹಸಿರಿನ ಮೇಲೆ ಬಿಳಿ ಹೂ ಎದ್ದು ಕಾಣುತ್ತದೆ. ಉಬ್ಬು ಎಸಳಿನ ಸ್ಕಲ್ಪ್ಟಿಂಗ್ ಜೆಲ್ಲೂ ತಂದೆ. ಫೋಟೋಕ್ಕೆ ಸೂಪರ್, ತಲೆ ಬಾಚುವಾಗ ಕೂದಲೆಲ್ಲ ಅದಕ್ಕೇ. ಡಬ್ಬಿ ಹಾಗೇ ಇದೆ, ಬೇಕಾದವರು ತೆಗೆದುಕೊಂಡು ಹೋಗಬಹುದು.

ಬಾಟಲಿ ಬದಲಾಯಿಸಿದಾಗ ನನ್ನ ಸೆಕೆಂಡುಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಟಿಪಿಒ ಇರುವ ಜೆಲ್‌ಗಳನ್ನು ನಿಷೇಧಿಸಿತು. ಬೆಳಕು ಬಿದ್ದಾಗ ಜೆಲ್ ಗಟ್ಟಿಯಾಗೋಕೆ ಶುರು ಮಾಡಿಸುವ ವಸ್ತು ಅದು. ಹಾಗಾಗಿ ಹೆಸರು ಅದೇ ಇದ್ದರೂ ಹೊಸ ಬಾಟಲಿಯ ಒಳಗಿನ ಮಾಲು ಬೇರೆ ಇರಬಹುದು. ಮ್ಯಾಟ್ ಮೇಲೆ ಒಂದು ಚುಕ್ಕಿ ಕ್ಯೂರ್ ಮಾಡಿ, ಎಬ್ಬಿಸಿ, ಅಡಿಭಾಗ ಮುಟ್ಟಿ ನೋಡಿ. ಅಂಟಿದರೆ ಟೈಮ್ ಜಾಸ್ತಿ ಮಾಡಿ ಅಥವಾ ಪದರ ತೆಳು ಮಾಡಿ.

ತೆಗೆಯೋದು ಮಾಮೂಲಿ ಜೆಲ್‌ಗಿಂತ ನಿಧಾನ. ಬಿಲ್ಡರ್, ಹೂ, ರಬ್ಬರ್ ಬೇಸ್ ಎಲ್ಲ ಸೇರಿ ದಪ್ಪ ಇರುತ್ತದೆ. ಮೊದಲು 100 ಗ್ರಿಟ್‌ನ ಒರಟು ಫೈಲಿನಿಂದ ಹೂವಿನ ಬಿಳಿ ಪುಡಿ ಬರುವವರೆಗೆ ಉಜ್ಜಿ, ಆಮೇಲೆ ಅಸಿಟೋನ್ ಹತ್ತಿ ಇಟ್ಟು ಫಾಯಿಲ್ ಸುತ್ತುತ್ತೇನೆ. ಹದಿನೈದು ನಿಮಿಷಕ್ಕೆ ಬರದಿದ್ದರೆ ಮತ್ತೆ ಸುತ್ತಿ. ಹೂ ಒಂದೇ ತುಂಡಾಗಿ ಬರುತ್ತೇನೋ ಅಂತ ಕೀಳೋಕೆ ಹೋಗಬೇಡಿ, ಅದರ ಜೊತೆ ಉಗುರಿನ ಪದರವೂ ಬರುತ್ತದೆ.