ಕಾಳುಮೆಣಸನ್ನು ಪುಡಿ ಮಾಡಿ ಇಡಬೇಡಿ

ನಲವತ್ತು ವರ್ಷ ಒಲೆ ಮುಂದೆ ನಿಂತವಳು ಹೇಳುತ್ತಿದ್ದೇನೆ, ಕಾಳುಮೆಣಸನ್ನು ಪುಡಿ ಮಾಡಿ ಡಬ್ಬಿ ತುಂಬಬೇಡಿ. ಮದುವೆಯಾದ ಹೊಸದರಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ಕಾಲು ಕೆಜಿ ಒಟ್ಟಿಗೇ ಪುಡಿ ಮಾಡಿ ಒಲೆ ಮೇಲಿನ ಗೂಡಲ್ಲಿ ಇಟ್ಟಿದ್ದೆ. ಎರಡು ತಿಂಗಳು ಬಿಟ್ಟು ಸಾರು ಮಾಡಿದರೆ ನಾಲಿಗೆಗೆ ಖಾರ ಇದೆ, ಮೂಗಿಗೆ ಏನೂ ಇಲ್ಲ!

ಖಾರ ಬೇರೆ, ಘಮ ಬೇರೆ, ಅಲ್ವಾ? ಖಾರ ಪೈಪರೀನ್ ಎಂಬ ಅಂಶದಿಂದ ಬರುತ್ತದೆ, ಅದು ಸುಲಭಕ್ಕೆ ಹಾರಿಹೋಗುವುದಿಲ್ಲ. ಘಮ ಇರುವುದು ಟರ್ಪೀನ್ ಎಂಬ ಬೇಗ ಹಾರಿಹೋಗುವ ಅಂಶಗಳಲ್ಲಿ, ಪುಡಿ ಮಾಡಿದ ಕ್ಷಣದಿಂದಲೇ ಅವು ಗಾಳಿಗೆ ಹೋಗುತ್ತಾ ಇರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಕ್ಯಾರಿಯೋಫಿಲೀನ್. ಲವಂಗದ ಗಿಡಕ್ಕೆ ಹಿಂದೆ ಇದ್ದ ಲ್ಯಾಟಿನ್ ಹೆಸರು ಕ್ಯಾರಿಯೋಫಿಲಸ್, ಅದರಿಂದಲೇ ಇದಕ್ಕೂ ಹೆಸರು. ಲವಂಗ, ತುಳಸಿ, ಬಿಯರ್‌ಗೆ ಹಾಕುವ ಹಾಪ್ಸ್, ಅಷ್ಟೇ ಯಾಕೆ, ಗಾಂಜಾ ಗಿಡದಲ್ಲೂ ಇದೆ. ನಾಲ್ಕು ಕಾಳು ಕುಟ್ಟಾಣಿಗೆ ಹಾಕಿ ಒಂದೇ ಏಟು ಕೊಟ್ಟು ಮೂಗಿನ ಹತ್ತಿರ ಹಿಡಿಯಿರಿ. ಮೊದಲು ನಿಂಬೆ ಸಿಪ್ಪೆ ಹಿಂಡಿದ ಹಾಗೆ ಚುರುಕು, ಅದರ ಹಿಂದೆಯೇ ಒಣ ಕಟ್ಟಿಗೆ, ಲವಂಗ ಸೇರಿದಂಥ ಬೆಚ್ಚನೆ ವಾಸನೆ. ಆ ಎರಡನೆಯದೇ ಕ್ಯಾರಿಯೋಫಿಲೀನ್.

2008ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಯುರ್ಗ್ ಗೆರ್ಟ್ಶ್ ಮತ್ತು ಜೊತೆಯವರು, ಈ ಕ್ಯಾರಿಯೋಫಿಲೀನ್ ನಮ್ಮ ದೇಹದ ಸಿಬಿ2 ಎಂಬ ಗ್ರಾಹಕಕ್ಕೆ (ಜೀವಕೋಶದಲ್ಲಿ ಇಂಥ ವಸ್ತುಗಳು ಬಂದು ಕೂರುವ ಜಾಗಕ್ಕೆ) ಹೋಗಿ ಅಂಟಿಕೊಳ್ಳುತ್ತದೆ ಎಂದು ತೋರಿಸಿದರು. ಇಲಿಗಳಿಗೆ ತಿನ್ನಿಸಿದಾಗ ಊತ ಕಡಿಮೆಯಾಯಿತು. ಗಾಂಜಾದ ಅಮಲಿಗೆ ಕಾರಣ ಮಿದುಳಿನ ಸಿಬಿ1 ಎಂಬ ಇನ್ನೊಂದು ಗ್ರಾಹಕ, ಅದಕ್ಕೆ ಇದು ಅಂಟುವುದಿಲ್ಲ, ಹಾಗಾಗಿ ಮೆಣಸಿನ ಸಾರು ಕುಡಿದರೆ ಅಮಲೇರುವ ಭಯ ಬೇಡ. ಆದರೆ ಇಲಿಯಲ್ಲಿ ಆದದ್ದು ಮನುಷ್ಯರಲ್ಲೂ ಹಾಗೇ ಆಗುತ್ತದೆ ಅಂತಲ್ಲ. ಮಂಡಿನೋವಿಗೆ ಡಾಕ್ಟರ್ ಕೊಟ್ಟ ಮಾತ್ರೆ ಬಿಟ್ಟು ಮೆಣಸು ಅಗಿಯುತ್ತಾ ಕೂರಬೇಡಿ. ಬಾಟಲಿಯಲ್ಲಿ ಬರುವ ಮೆಣಸಿನ ಎಣ್ಣೆಯನ್ನಂತೂ ಸುಮ್ನೆ ಮಕ್ಕಳಿಗೆ ಕುಡಿಸಲೇಬೇಡಿ.

ಇಡೀ ಕಾಳನ್ನು ಗಾಜಿನ ಭರಣಿಯಲ್ಲಿ ಒಲೆಯಿಂದ ದೂರ ಇಡಿ. ಸಾರಿಗೆ ಬೇಕಾದಷ್ಟು ಮಾತ್ರ ತರಿತರಿಯಾಗಿ ಕುಟ್ಟಿ, ಒಲೆ ಆರಿಸಿದ ಮೇಲೆ ಹಾಕಿ ಐದು ನಿಮಿಷ ಮುಚ್ಚಿಡಿ. ಜಾಸ್ತಿ ಕುದಿಸಿದರೆ ಘಮವೆಲ್ಲ ಹಬೆಯ ಜೊತೆ ಹೋಗುತ್ತದೆ. ಪೊಂಗಲ್‌ಗಾದರೆ ಬಿಸಿ ತುಪ್ಪಕ್ಕೆ ಹಾಕಿ ಸುರಿಯಿರಿ, ಈ ಘಮ ನೀರಿಗಿಂತ ಜಿಡ್ಡಿನಲ್ಲೇ ಚೆನ್ನಾಗಿ ಕರಗುತ್ತದೆ.

ಕೊಳ್ಳುವಾಗಲೂ ಇಡೀ ಕಾಳನ್ನೇ ಕೊಳ್ಳಿ. ಮನೆಗೆ ತಂದ ಮೇಲೆ ಒಂದು ಹಿಡಿ ನೀರಿಗೆ ಹಾಕಿ ನೋಡಿ. ಗಟ್ಟಿ ಮೆಣಸು ಮುಳುಗುತ್ತದೆ. ಪಪ್ಪಾಯಿ ಬೀಜ ಬೆರೆಸಿದ್ದರೆ ಅದು ತೇಲುತ್ತದೆ, ಜೊಳ್ಳು ಕಾಳೂ ತೇಲುತ್ತದೆ.